ಒಂಬತ್ತನೆಯ ಸದ್ದು

ಈ ಕಥೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲು ಕ್ಷಮೆ ಇರಲಿ. ಇದನ್ನು ಹೇಳಬೇಕಾದವರು ನಮ್ಮ ಖಾಜಾ ಮೊಹಿದ್ದೀನ್ ಸಾಹೇಬರು. ನೆಲದ ನಡುಕವನ್ನು ಓದುವ ವಿದ್ಯೆಯಲ್ಲಿ ಅವರದು ದೊಡ್ಡ ಹೆಸರು. ಅವರಲ್ಲದಿದ್ದರೆ ಯಾರಾದರೂ ದೊಡ್ಡ ವಕೀಲರು ಹೇಳಬಹುದಿತ್ತು. ನಾನು ಲಿಂಗಸುಗೂರಿನ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವಳು. ಅದರಲ್ಲೂ ಒಂದು ಪೇಪರು ಇನ್ನೂ ಪಾಸಾಗಿಲ್ಲ. ವಿಜ್ಞಾನವನ್ನು ಕೆಲಸದ ಜಾಗದಲ್ಲಿ ಕಿವಿಗೆ ಬಿದ್ದಷ್ಟು ಕಲಿತಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು. ನೀವೇ ಬರೆಯಿರಿ ಎಂದು ಸಾಹೇಬರನ್ನು ಎರಡು ವರ್ಷ ಕೇಳಿದೆ. "ತಪ್ಪು ಮಾಡಿದಾಕಿ ನೀನು, ಕಥಿ ನಾ ಯಾಕ ಹೇಳ್ಲಿ ಬೇಟಾ?" ಎಂದು ನಕ್ಕರು. ಆಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ.

ನನ್ನ ಹೆಸರು ಹುಲಿಗೆಮ್ಮ. ಊರು ರಾಯಚೂರು ಸೀಮೆಯ ಹೊನ್ನಗುಡ್ಡ. ನಾನು ಹುಟ್ಟಿದಾಗ ಇಲ್ಲಿ ಚಿನ್ನದ ಗಣಿ ಇತ್ತು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಚಿನ್ನ ಮುಗಿಯಿತು, ಗಣಿ ಮುಚ್ಚಿತು. ಉಳಿದದ್ದು ಒಂದು ಸಾವಿರ ಮೀಟರ್ ಆಳದ ಬಾವಿ, ಅದರ ತಳದಲ್ಲಿ ಬಿರುಕಿಲ್ಲದ ಹಳೆಯ ಕರಿಕಲ್ಲು. ಜಗತ್ತಿನಲ್ಲಿ ಅಂಥ ಕಲ್ಲು ಹನ್ನೆರಡು ಕಡೆ ಮಾತ್ರ ಇದೆಯಂತೆ. ಆ ಹನ್ನೆರಡು ಕಡೆಯೂ ಈಗ ಕಲ್ಲುಗಿವಿಗಳಿವೆ. ಹನ್ನೊಂದನೆಯದು ನಮ್ಮದು.

ಕಲ್ಲುಗಿವಿ ಎಂದರೆ ಇಷ್ಟೇ. ಬಾವಿಯ ತಳದಲ್ಲಿ ಮಂಜಿಗಿಂತ ಎಷ್ಟೋ ಪಾಲು ತಣ್ಣಗಿಟ್ಟ ಹರಳುಗಳ ಒಂದು ಸಾಲು. ಭೂಮಿಯ ಮೇಲೆ ಎಲ್ಲಿ ಮದ್ದು ಸಿಡಿದರೂ ಕಲ್ಲಿನೊಳಗೆ ಒಂದು ಸಣ್ಣ ನಡುಕ ಹರಿಯುತ್ತದೆ, ಹರಳು ಅದನ್ನು ಹಿಡಿಯುತ್ತದೆ. ಹನ್ನೆರಡು ಕಿವಿಗಳು ಕೇಳಿದ್ದನ್ನು ಕೂಡಿಸಿದರೆ, ಯಾವ ಸದ್ದು ಎಲ್ಲಿಂದ ಬಂತು ಎಂಬುದನ್ನು ನಲವತ್ತು ಹೆಜ್ಜೆಯೊಳಗೆ ಹೇಳಬಹುದು. ಬಂದೂಕು ಯಾವುದು, ನೆಲಬಾಂಬು ಯಾವುದು ಎಂದೂ ಹೇಳಬಹುದು. ರೇಡಿಯೊವನ್ನು ಕೆಡಿಸಬಹುದು, ಉಪಗ್ರಹಕ್ಕೆ ಮೋಡ ಅಡ್ಡ ಬರಬಹುದು. ಕಲ್ಲಿಗೆ ಸುಳ್ಳು ಹೇಳಿಸಲು ಇನ್ನೂ ಯಾರಿಗೂ ಬಂದಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡು ಮಾಡುವುದೇನು ಎಂದು ನಮ್ಮೂರಿನವರು ಈಗಲೂ ಕೇಳುತ್ತಾರೆ. ಅದಕ್ಕೆ ಸ್ವಲ್ಪ ಕಾನೂನು ಹೇಳಬೇಕು.

ಒಂದು ದೇಶದ ಸೈನಿಕ ಇನ್ನೊಂದು ದೇಶದ ಕೈಗೆ ಸಿಕ್ಕಿದರೆ ಅವನು ಯುದ್ಧಕೈದಿ. ಬಂದೂಕು ಹಿಡಿದ ಎಂಬುದಕ್ಕೇ ಅವನನ್ನು ನೇಣಿಗೆ ಹಾಕುವಂತಿಲ್ಲ. ಆದರೆ ದೇಶವಿಲ್ಲದ ಪಡೆಯವನು ತನ್ನದೇ ಸರ್ಕಾರದ ಕೈಗೆ ಸಿಕ್ಕಿದರೆ? ಹಳೆಯ ಕಾನೂನಿನ ಕಣ್ಣಿಗೆ ಅವನು ಬರೀ ಕೊಲೆಗಾರ. ಜಗಳ ಆರು ತಿಂಗಳದ್ದಾದರೆ ಹಾಗೆನ್ನಬಹುದು. ಮೂವತ್ತು ವರ್ಷ ನಡೆದರೆ? ಆ ಪಡೆಯ ನೆಲದಲ್ಲೇ ಮಕ್ಕಳು ಹುಟ್ಟಿ, ಆ ಪಡೆಯ ಶಾಲೆಯಲ್ಲೇ ಓದಿ, ಅದರದ್ದೇ ಕೋರ್ಟಿನಲ್ಲಿ ಮದುವೆಯಾಗಿದ್ದರೆ? ಅದು ಬರೀ ಗುಂಪೋ, ಯುದ್ಧದ ಒಂದು ಪಕ್ಷವೋ? ಕೇಳಿದರೆ ಸರ್ಕಾರ ಗುಂಪು ಅನ್ನುತ್ತದೆ, ಪಡೆ ಪಕ್ಷ ಅನ್ನುತ್ತದೆ. ಅಳೆಯುವುದಕ್ಕೆ ಯಾರ ಹತ್ತಿರವೂ ಕೋಲು ಇರಲಿಲ್ಲ.

ಕಲ್ಲುಗಿವಿ ಬಂದ ಮೇಲೆ ಕೋಲು ಸಿಕ್ಕಿತು. ದೇಶಗಳ ನಡುವೆ ಮೌನದ ಒಪ್ಪಂದ ಎಂದು ಒಂದು ಆಯಿತು. ಪಡೆಯ ಮುಖ್ಯಸ್ಥ ಬಹಿರಂಗವಾಗಿ ಒಂದು ಆಜ್ಞೆ ಕೊಡಬೇಕು: ಎಪ್ಪತ್ತೆರಡು ಗಂಟೆ ಯಾರೂ ಗುಂಡು ಹಾರಿಸಕೂಡದು. ಕೊಟ್ಟ ಆಜ್ಞೆ ಕೊನೆಯ ಗುಡ್ಡದ ಕೊನೆಯ ಕಾವಲಿನವನವರೆಗೂ ತಲುಪಿ ನಿಂತರೆ ಅಲ್ಲಿ ಹೊಣೆ ಹೊರುವ ಆಡಳಿತ ಇದೆ ಎಂದರ್ಥ; ಅದು ಪಕ್ಷ. ಅದರವರು ಸಿಕ್ಕಿಬಿದ್ದರೆ ಹೋರಾಡಿದ್ದಕ್ಕಾಗಿ ನೇಣಿಲ್ಲ. ಅದರ ಜೊತೆಗೇ, ಊರವರನ್ನು ಕೊಂದಿದ್ದರೆ ಅದಕ್ಕೆ ಮುಖ್ಯಸ್ಥನೇ ಕಟಕಟೆಗೆ ಬರಬೇಕು. ಒಂದು ಗುಂಡು ಹಾರಿದರೂ ಪರೀಕ್ಷೆ ಫೇಲು, ಎರಡು ವರ್ಷ ಮತ್ತೆ ಕೇಳುವಂತಿಲ್ಲ.

ಮೂರನೆಯ ಮೇಜಿನ ದಾಖಲೆ ಬರೆಯುವವಳು ನಾನು. ಹರಳು ಕೇಳುತ್ತದೆ, ಯಂತ್ರ ಗುರುತಿಸುತ್ತದೆ, ಎರಡನೆಯ ಮೇಜಿನ ವಿರೂಪಾಕ್ಷಿ ಓದುತ್ತಾನೆ, ನಾನು ಬರೆದು ಸಹಿ ಹಾಕುತ್ತೇನೆ. ನಾನು ಬರೆದದ್ದು ಆ ಒಪ್ಪಂದದ ನ್ಯಾಯಮಂಡಳಿಗೆ ಹೋಗುತ್ತದೆ.

ಆ ವರ್ಷ ಮರೇವಾ ದೇಶದ ಸರದಿ ಬಂತು. ಅಲ್ಲಿ ಉಪ್ಪುದಾರಿ ಪಡೆ ಎಂಬುದು ಮೂವತ್ತೊಂದು ವರ್ಷದಿಂದ ಸರ್ಕಾರದ ಜೊತೆ ಕಾದಾಡುತ್ತಿತ್ತು. ನಾನೂರು ಕಿಲೊಮೀಟರ್ ಉದ್ದದ ಗಡಿಸಾಲು, ಹನ್ನೊಂದು ಸಾವಿರ ಜನ. ರಾಜಧಾನಿಯ ಜೈಲಿನಲ್ಲಿ ಆ ಪಡೆಯ ಅರವತ್ಮೂರು ಜನರಿಗೆ ನೇಣಿನ ಶಿಕ್ಷೆಯಾಗಿತ್ತು. ಪರೀಕ್ಷೆಯ ಕಡತದ ಜೊತೆ ಅವರ ಹೆಸರಿನ ಪಟ್ಟಿಯೂ ಬಂದಿತ್ತು. ಕನ್ನಡದಲ್ಲಿ ಟೈಪು ಮಾಡಿದವಳು ನಾನೇ. ನಲವತ್ತೇಳನೆಯ ಹೆಸರು ದಾಲಿಯಾ ತೇಮ್, ವಯಸ್ಸು ಐವತ್ತೆಂಟು, ಕೆಲಸ ರೊಟ್ಟಿ ಬೇಯಿಸುವುದು. ಪಡೆಯ ಅಡುಗೆಮನೆಯಲ್ಲಿ ಸಿಕ್ಕಿದ್ದಳು. ಅವಳು ಯಾವತ್ತೂ ಬಂದೂಕು ಮುಟ್ಟಿರಲಿಲ್ಲವೆಂದು ಸರ್ಕಾರದ ಕಾಗದವೇ ಹೇಳುತ್ತಿತ್ತು. ಪರೀಕ್ಷೆ ಪಾಸಾದರೆ ಇವರು ಉಳಿಯುತ್ತಾರೆ. ಫೇಲಾದರೆ ಆ ತಿಂಗಳ ಕೊನೆಯೊಳಗೆ ನೇಣು.

ಮೌನ ಒಂದು ಭಾನುವಾರ ಬೆಳಿಗ್ಗೆ ನಮ್ಮ ಆರು ಗಂಟೆಗೆ ಶುರುವಾಯಿತು.

ಪರೀಕ್ಷೆಗೆ ಇನ್ನೊಂದು ಷರತ್ತಿತ್ತು. ಮೌನದ ನಡುವೆಯೇ ಪಡೆ ಊರವರಿಗಾಗಿ ಒಂದು ರಸ್ತೆಯನ್ನು ತೆರೆಯಬೇಕು. ಸಲ್ಮಾ ಸೇತುವೆಯ ರಸ್ತೆಯಲ್ಲಿ ತಾವೇ ಹೂತಿದ್ದ ಒಂಬತ್ತು ನೆಲಬಾಂಬುಗಳನ್ನು ಸೋಮವಾರ ಬೆಳಿಗ್ಗೆ ಹತ್ತರಿಂದ ಹತ್ತೂವರೆಯೊಳಗೆ ಸಿಡಿಸಿ ತೆಗೆಯುತ್ತೇವೆ ಎಂದು ಪಡೆ ಮೊದಲೇ ಬರೆದು ಕೊಟ್ಟಿತ್ತು. ಹೀಗೆ ಮೊದಲೇ ತಿಳಿಸಿದ ಸದ್ದನ್ನು ಸದ್ದೆಂದು ಲೆಕ್ಕ ಹಿಡಿಯುವುದಿಲ್ಲ.

ಸೋಮವಾರ ಹತ್ತು ಗಂಟೆ ಏಳು ನಿಮಿಷಕ್ಕೆ ಪರದೆಯ ಮೇಲೆ ಗೆರೆ ಕುಣಿಯಿತು. ಒಂದರ ಹಿಂದೆ ಒಂದು. ನಾನು ಬೆರಳು ಮಡಿಸುತ್ತಾ ಹೋದೆ.

"ಎಷ್ಟಾತ್ರಿ ಅರ್ಧ ವಕೀಲ್ರೆ?" ಎಂದ ವಿರೂಪಾಕ್ಷಿ. ಒಂದು ಪೇಪರು ಉಳಿದದ್ದಕ್ಕೆ ಅವನು ನನಗಿಟ್ಟ ಹೆಸರು ಅದು.

"ಎಂಟು."

"ಒಂಬತ್ತಲ್ಲೇನ?"

"ನಾ ಎಂಟ ಎಣಿಸೀನಿ."

"ಮಷೀನೂ ಎಂಟ ಅಂತೈತಿ. ಎರಡು ಕೂಡ್ಯಾವ ಬಿಡು. ನಾಕನೇ ನಂಬರ್ ಹಾಕು, ಮುಗಸು. ಚಾ ಆರಾಕತ್ತೈತಿ."

ನಮ್ಮ ನಮೂನೆಯಲ್ಲಿ ನಾಲ್ಕನೆಯ ಸಂಕೇತ ಎಂದರೆ ಕೂಡು-ಸದ್ದು. ಎರಡು ಮದ್ದು ಒಟ್ಟಿಗೆ ಸಿಡಿದರೆ ಒಂದೇ ಸದ್ದಾಗಿ ಕೇಳುತ್ತದೆ. ಹೇಳಿದ ಲೆಕ್ಕಕ್ಕಿಂತ ಒಂದು ಕಡಿಮೆ ಬಂದಾಗ ಹನ್ನೆರಡೂ ಕಿವಿಗಳಲ್ಲಿ ಇದನ್ನೇ ಬರೆಯುತ್ತಾರೆ. ನನ್ನ ಕೈ ಒಂದು ಕ್ಷಣ ನಿಂತಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಅದು ಹನ್ನೆರಡು ಕಡೆಯ ವಿಜ್ಞಾನಿಗಳು ಮಾಡಿದ ಸಂಕೇತ. ಸಂಜೆ ಕಾಲೇಜಿನ ನಾನು ಏನೆಂದು ಕೇಳಲಿ? "ಒಂಬತ್ತೂ ಸಿಡಿದಿವೆ, ಎರಡು ಕೂಡು-ಸದ್ದು" ಎಂದು ಬರೆದು ಸಹಿ ಹಾಕಿದೆ.

ಮಂಗಳವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಗೆರೆ ಮತ್ತೊಮ್ಮೆ ಕುಣಿಯಿತು. ಒಂದೇ ಸಲ. ಸಲ್ಮಾ ಸೇತುವೆಯ ರಸ್ತೆ.

ವಿರೂಪಾಕ್ಷಿ ಕುರ್ಚಿಯಿಂದ ಎದ್ದು ನಿಂತ. ಅವನ ತಮಾಷೆಯೆಲ್ಲ ಎಲ್ಲಿ ಹೋಯಿತೋ. "ಇದು ನೆಲಬಾಂಬ್ ಮದ್ದ ಐತಿ ಹುಲಿಗಿ," ಎಂದ ಮೆಲ್ಲಗೆ. "ಹೊಸಾದು ಹೂತಿದ್ರೇನೋ. ಯಾರ್ದಾರ ಕಾಲು ಬಿತ್ತೋ ಏನೋ."

ಮೌನ ಮುಗಿದ ಇಪ್ಪತ್ನಾಲ್ಕು ಗಂಟೆಯೊಳಗೆ ಇಡೀ ದಾಖಲೆಯನ್ನು ಕೊನೆಗೊಳಿಸಿ ಕಳಿಸಬೇಕು, ಆಮೇಲೆ ತಿದ್ದುವಂತಿಲ್ಲ. ಒಂಬತ್ತೂ ಸಿಡಿದಿವೆ ಎಂದು ನನ್ನ ಸಹಿ ಹೇಳುತ್ತಿತ್ತು. ಒಂಬತ್ತೂ ಮುಗಿದಿದ್ದರೆ ಇದು ಹತ್ತನೆಯದು, ಹೇಳದೆ ಇಟ್ಟದ್ದು. ಮೌನ ಮುರಿದಿದೆ. ಎರಡು ಗಂಟೆಗೆ ಪಾಳಿ ಮುಗಿಸಿ ಹೊರಡುವ ಮುಂಚೆ ಪಟ್ಟಿ ತೆಗೆದು ರೊಟ್ಟಿ ಬೇಯಿಸುವವಳ ಹೆಸರನ್ನು ಇನ್ನೊಮ್ಮೆ ಓದಿದೆ.

ಮನೆಯಲ್ಲಿ ಅಪ್ಪ ಉಣ್ಣಲು ಕೂತಿದ್ದ. ನನ್ನ ಅಪ್ಪ ಮಾನಪ್ಪ ಇದೇ ಗಣಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಬ್ಲಾಸ್ಟರ್ ಆಗಿದ್ದವನು. ಎಂದರೆ ಬಂಡೆಯಲ್ಲಿ ಕೊರೆದ ತೂತುಗಳಿಗೆ ಮದ್ದು ತುಂಬಿ, ಬತ್ತಿ ಹಚ್ಚಿ, ದೂರ ನಿಂತು ಎಣಿಸುವವನು. ಎಡಗಿವಿ ಮಂದ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಎಣಿಸುವ ಚಟ ಬಿಟ್ಟಿಲ್ಲ. ಕುಕ್ಕರಿನ ಸೀಟಿ ಎಣಿಸುತ್ತಾನೆ, ಪಕ್ಕದ ಮನೆಯವರ ಕುಕ್ಕರಿನದೂ ಎಣಿಸುತ್ತಾನೆ. "ನಿಮ್ಮ ಬ್ಯಾಳಿ ಇವತ್ತ ಬೆಂದಿಲ್ಲವಾ, ಮೂರಾ ಹೊಡದೈತಿ" ಎಂದು ಗೋಡೆಯಾಚೆಗೆ ಕೂಗಿ ಬೈಸಿಕೊಳ್ಳುತ್ತಾನೆ.

ಕೆಲಸದ ವಿಷಯವನ್ನು ಮನೆಯಲ್ಲಿ ಹೆಸರು ಹಿಡಿದು ಆಡುವಂತಿಲ್ಲ. "ಯಪ್ಪಾ, ಒಂದ್ ಕಡೆ ಒಂಬತ್ತು ಹಚ್ಚಿದ್ರು, ಎಂಟ ಕೇಳಿದ್ವು," ಎಂದಷ್ಟೇ ಹೇಳಿದೆ.

ಅಪ್ಪ ಮುರಿದ ರೊಟ್ಟಿಯನ್ನು ತಟ್ಟೆಗೆ ಇಟ್ಟ. "ಯಾರು ಎಣಿಸಿದ್ರು?"

"ನಾನ."

"ಮತ್ತ?"

"ಎರಡು ಕೂಡ್ಯಾವ ಅಂತ ಬರದೆ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಾರ ಮಗಳು ನೀನು?" ಎಂದು ಕೇಳಿದ.

ನಮ್ಮ ಗಣಿಯ ಬ್ಲಾಸ್ಟರುಗಳಲ್ಲಿ ಒಂದು ಪದ್ಧತಿ ಇತ್ತು. ಹಚ್ಚಿದ ಪ್ರತಿ ಬತ್ತಿಗೆ ಮಣಿಕಟ್ಟಿನ ದಾರದಲ್ಲಿ ಒಂದು ಗಂಟು. ಕೇಳಿದ ಪ್ರತಿ ಸದ್ದಿಗೆ ಒಂದು ಗಂಟು ಬಿಚ್ಚಬೇಕು. ಎರಡು ಕೂಡಿ ಸಿಡಿದವು ಎಂದು ಯಾರೂ ಅನ್ನುವ ಹಾಗಿರಲಿಲ್ಲ. ಕೇಳದೆ ಇದ್ದದ್ದು ಸಿಡಿದಿಲ್ಲ ಎಂದೇ ಲೆಕ್ಕ. ಗಂಟು ಉಳಿದರೆ ಆ ತೂತಿನ ಹತ್ತಿರ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಮೇಲೆ ಬರಬೇಕು, ದಾರವನ್ನು ಮುಂದಿನ ಪಾಳಿಯ ಬ್ಲಾಸ್ಟರಿನ ಕೈಗೆ ಕೊಡಬೇಕು. ಬಾಯಲ್ಲಿ ಹೇಳಿದರೆ ಸಾಲದು, ದಾರ ಕೈಯಿಂದ ಕೈಗೆ ಹೋಗಬೇಕು. ದಾರ ಇಸಿದುಕೊಂಡವನು ಹೋಗಿ ಉಳಿದ ಮದ್ದಿನ ಪಕ್ಕದಲ್ಲಿ ಹೊಸದೊಂದು ಇಟ್ಟು, ಎರಡನ್ನೂ ಸೇರಿಸಿ ಸಿಡಿಸುತ್ತಿದ್ದ. ಗಂಟು ಉಳಿದ ದಿನ ಅಪ್ಪ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ. ಆ ಗಂಟು ಬಿಚ್ಚಿತು ಎಂದು ಯಾರಾದರೂ ಬಂದು ಹೇಳುವವರೆಗೆ ಅವ್ವ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಇದೆಲ್ಲ ನೋಡಿ ಬೆಳೆದ ನಾನು ನಾಲ್ಕನೆಯ ಸಂಕೇತ ಬರೆದಿದ್ದೆ.

"ಆಮ್ಯಾಲೆ ಮತ್ತೊಂದು ಸದ್ದು ಬಂತೇನು?" ಎಂದು ಅಪ್ಪನೇ ಕೇಳಿದ.

"ಮರುದಿನ. ಒಂದ."

"ಅದನ್ನ ಜಗ್ಗಿ ನೋಡ್ರಿ. ಪಕ್ಕದಾಗ ಇಟ್ಟು ಹಚ್ಚಿದ್ರ ಅದಕ್ಕ ಎರಡು ಬಾಯಿ ಇರ್ತಾವ. ಸಣ್ಣದು ಮೊದಲ ಮಾತಾಡ್ತೈತಿ, ದೊಡ್ಡದು ಹಿಂದ. ಮಂದಿಗೆ ಒಂದ ಅನಸ್ತೈತಿ. ನನಗ ಕಾಲಾಗ ತಿಳೀತಿತ್ತು." ಆಮೇಲೆ, "ಉಣ್ಣಬ್ಯಾಡ, ಹೋಗು," ಎಂದ. ತಾನೂ ತಟ್ಟೆ ದೂಡಿದ.

ಐದು ಗಂಟೆಗೆ ಖಾಜಾ ಸಾಹೇಬರ ಕೋಣೆಗೆ ಹೋದೆ. ಸಾಹೇಬರು ಕಲ್ಲುಗಿವಿಯ ಮುಖ್ಯಸ್ಥರು. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ನಾನು ಹೇಳಿದ್ದನ್ನು ಕೇಳಿ ಅವರೇ ಎದ್ದು ಬಂದು ಪರದೆಯ ಮುಂದೆ ಕೂತರು. ಮಂಗಳವಾರದ ಸದ್ದನ್ನು ಸಾವಿರ ಪಾಲು ಜಗ್ಗಿದರು. ಒಂದೇ ಮುಳ್ಳಿನಂತೆ ಕಾಣುತ್ತಿದ್ದ ಗೆರೆ ನಿಧಾನವಾಗಿ ಅಗಲವಾಗಿ, ನಡುವೆ ಸಣ್ಣ ಕಣಿವೆ ತೆರೆದು, ಎರಡು ಗುಡ್ಡವಾಯಿತು. ಮುಂದಿನದು ಸಣ್ಣದು. ಹಿಂದಿನದು ದೊಡ್ಡದು. ನಡುವೆ ಒಂದು ಸೆಕೆಂಡಿನ ನೂರರಲ್ಲೊಂದು ಪಾಲು.

ಆಮೇಲೆ ಸೋಮವಾರದ ಎಂಟನ್ನೂ ಒಂದೊಂದಾಗಿ ಜಗ್ಗಿದರು. ಎಂಟೂ ಒಂಟಿ ಗುಡ್ಡ. ಯಾವುದೂ ಕೂಡು-ಸದ್ದಲ್ಲ. ಮಂಗಳವಾರದ ದೊಡ್ಡ ಗುಡ್ಡದ ಆಕಾರ ಆ ಎಂಟರ ಆಕಾರವೇ, ಅಳತೆಗೆ ಅಳತೆ.

"ಹಿಂದೊಮ್ಮೆಯೂ ಕೂಡು-ಸದ್ದನ್ನ ನಾವು ಜಗ್ಗಿ ನೋಡಿಲ್ಲ," ಎಂದರು ಸಾಹೇಬರು. "ಕಲಿತವರು ನಾವು. ಕಡಿಮೆ ಬಂದ್ರ ಕೂಡ್ಯಾವ ಅಂತೀವಿ. ನಿಮ್ಮಪ್ಪ ಸಿಡಿದಿಲ್ಲ ಅಂತಾನ. ಯಾಕ ಗೊತ್ತೇನು? ಮರುದಿನ ಅಲ್ಲಿಗೆ ನಡಕೊಂಡು ಹೋಗೋದು ನಾವಲ್ಲ."

"ತಿದ್ದುಪಡಿ ಬರೀಲಾ ಸರ್?"

ಹನ್ನೆರಡು ಕಿವಿಗಳಲ್ಲಿ ಹದಿನಾಲ್ಕು ವರ್ಷದಿಂದ ನಾಲ್ಕನೆಯ ಸಂಕೇತ ಬರೆದ ಇನ್ನೂರ ಹನ್ನೊಂದು ದಾಖಲೆಗಳಿದ್ದವು. ನಾನು ತಿದ್ದಿದರೆ ಅವೆಲ್ಲವನ್ನೂ ಮತ್ತೆ ತೆರೆಯಬೇಕು. ಎಷ್ಟು ರಸ್ತೆಗಳ ಮೇಲೆ 'ಎಲ್ಲ ಸಿಡಿದಿವೆ' ಎಂಬ ನಮ್ಮ ಮಾತು ನಂಬಿ ಜನ ನಡೆದಿದ್ದಾರೋ. ಸಾಹೇಬರ ಮುಖದಲ್ಲಿ ಅದೆಲ್ಲ ಹಾದುಹೋದದ್ದನ್ನು ನಾನು ನೋಡಿದೆ.

"ಬರಿ," ಎಂದರು. "ನಿನ್ನ ಹೆಸರಿನ ಕೆಳಗ ನಂದೂ ಹಾಕು. ಹನ್ನೊಂದನೇ ಕಿವಿ ತಪ್ಪು ಮಾಡ್ತು ಅಂತ ಬರಿ. ಹನ್ನೊಂದನೇ ಕಿವೀನ ಮೊದಲು ಒಪ್ಪಿಕೊಂತು ಅಂತಾನೂ ಬರ್ಲಿ."

ಬುಧವಾರ ಬೆಳಿಗ್ಗೆ ಆರಕ್ಕೆ ಮೌನ ಮುಗಿಯಿತು. ನಾನೂರು ಕಿಲೊಮೀಟರಿನಲ್ಲಿ ಬೇರೊಂದು ಸದ್ದೂ ಇರಲಿಲ್ಲ. ಹನ್ನೊಂದು ಸಾವಿರ ಬಂದೂಕು, ಎಪ್ಪತ್ತೆರಡು ಗಂಟೆ, ಒಂದು ಗುಂಡಿಲ್ಲ. ಉಳಿದದ್ದು ಆ ಒಂದೇ ಒಂದು.

ಮುಂದಿನ ಸೋಮವಾರ ನ್ಯಾಯಮಂಡಳಿ ನಮ್ಮ ದೊಡ್ಡ ಪರದೆಯ ಮೇಲೆ ಕೂತಿತು. ಮೂವರು ನ್ಯಾಯಾಧೀಶರು, ನಡುವೆ ಕೀನ್ಯಾ ದೇಶದ ವಂಜಿಕು ಎಂಬ ಹೆಂಗಸು. ಒಂದು ಪಕ್ಕ ಮರೇವಾ ಸರ್ಕಾರದ ವಕೀಲ ಸೋರಿನ್. ಅವರು ಆಡಿದ್ದನ್ನು ಯಂತ್ರ ನಮಗೆ ಕನ್ನಡ ಮಾಡಿ ಹೇಳುತ್ತಿತ್ತು. ಆ ಯಂತ್ರದ ಕನ್ನಡ ನಮ್ಮ ಕಡೆಯದಲ್ಲ, ಮದುವೆ ಕಾಗದದ ಕನ್ನಡ. "ತಾವು ದಯಮಾಡಿ ಆಸೀನರಾಗಬೇಕು" ಎಂದಿತು. ವಿರೂಪಾಕ್ಷಿ ನನ್ನ ಕಿವಿಯಲ್ಲಿ, "ಕುಂದ್ರು ಅನ್ನಾಕತ್ಯಾರ," ಎಂದ.

ಸೋರಿನ್ ಒಳ್ಳೆಯ ವಕೀಲ. ಕೂಗಾಡಲಿಲ್ಲ.

"ತಾವು ಕಾನೂನು ಪದವೀಧರರೇ?"

"ಒಂದು ಪೇಪರು ಉಳಿದಿದೆ."

"ಭೂವಿಜ್ಞಾನಿಯೇ?"

"ಅಲ್ಲ. ದಾಖಲೆ ಬರೆಯುತ್ತೇನೆ."

"ಸೋಮವಾರ ಒಂಬತ್ತೂ ಸಿಡಿದಿವೆ ಎಂದು ಬರೆದವರು ತಾವೇ. ಮಂಗಳವಾರ ಅಲ್ಲ ಎಂದವರೂ ತಾವೇ. ಯಾವ ತಮ್ಮನ್ನು ನಂಬೋಣ?"

ತಯಾರು ಮಾಡಿಕೊಂಡಿದ್ದ ಉತ್ತರವನ್ನು ಬಿಟ್ಟು ಇಷ್ಟೇ ಹೇಳಿದೆ: "ಎಂಟು ಕೇಳಿ ಒಂಬತ್ತು ಎಂದು ಬರೆದೆ. ತಪ್ಪು ನನ್ನದು, ಹರಳಿನದಲ್ಲ. ಹರಳು ಎರಡು ದಿನವೂ ನಿಜವನ್ನೇ ಹೇಳಿದೆ. ಅದನ್ನು ನಂಬಿ."

ಪಕ್ಕದಲ್ಲಿ ಇಟ್ಟು ಸಿಡಿಸುವ ಪದ್ಧತಿ ಬಲ್ಲ ಯಾರಾದರೂ ಇದ್ದಾರೆಯೇ ಎಂದು ವಂಜಿಕು ಕೇಳಿದರು. ಸಾಹೇಬರು ಬಾಗಿಲ ಕಡೆ ನೋಡಿದರು. ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಒಗೆದ ಧೋತರ, ತಲೆಗೆ ಹಳದಿ ರುಮಾಲು. ಬೆಳಿಗ್ಗೆಯಿಂದ ಯಾರಾದರೂ ಕರೆದಾರೆಂದೇ ಕೂತಿದ್ದ. ಬಾಯಲ್ಲಿ ಮಾತ್ರ, "ಚಾ ಚಲೋ ಕೊಡ್ತಾರಂತ ಬಂದೀನಿ," ಎನ್ನುತ್ತಿದ್ದ.

ಅಪ್ಪನ ಮಾತು ಯಂತ್ರಕ್ಕೆ ತಿಳಿಯಲಿಲ್ಲ. ಎರಡು ಸಲ ಪ್ರಯತ್ನಿಸಿ, 'ಭಾಷೆ ಗುರುತಾಗಲಿಲ್ಲ' ಎಂದು ಸುಮ್ಮನಾಯಿತು.

"ಕನ್ನಡ ಬರಂಗಿಲ್ಲೇನು ಇದಕ?" ಎಂದ ಅಪ್ಪ.

ಅವನು ಹೇಳಿದ್ದನ್ನು ನಾನು ಪುಸ್ತಕದ ಕನ್ನಡಕ್ಕೆ ತಂದೆ, ಯಂತ್ರ ಅಲ್ಲಿಂದ ಮುಂದಕ್ಕೆ ಒಯ್ದಿತು. ದಾರದ ಪದ್ಧತಿಯನ್ನೂ ಎರಡು ಬಾಯಿಯ ಸದ್ದನ್ನೂ ಅಪ್ಪ ವಿವರಿಸಿದ. ಕೈಯಲ್ಲೇ ಒಂದು ದಾರ ತಂದಿದ್ದ. ಒಂಬತ್ತು ಗಂಟು ಹಾಕಿ, ಎಂಟು ಬಿಚ್ಚಿ ತೋರಿಸಿದ. ಮೂವರು ನ್ಯಾಯಾಧೀಶರೂ ಪರದೆಯ ಹತ್ತಿರ ಬಾಗಿ ಆ ಒಂದು ಗಂಟನ್ನು ನೋಡಿದರು.

"ಹಾಗಿದ್ದರೆ ಮಂಗಳವಾರ ಏನು ನಡೆಯಿತು ಎನ್ನುತ್ತೀರಿ?" ವಂಜಿಕು ಕೇಳಿದರು.

"ಒಂದು ಸಿಡೀಲಿಲ್ರಿ ತಾಯಿ. ಯಾರೋ ಎಣಿಸ್ಯಾರ. ಎಣಿಸಿ ಸುಮ್ನ ಮನಿಗೆ ಹೋಗಬಹುದಿತ್ತು. ಎಂಟ್ ಆದ್ವು, ರಸ್ತೆ ಬಿಟ್ಟೀವಿ ಅಂದ್ರ ಮುಗೀತಿತ್ತು. ಪರೀಕ್ಷಾನೂ ಪಾಸಾಗ್ತಿತ್ತು. ಹೆಂಗೂ ಇಲ್ಲಿ ನನ್ ಮಗಳು ಒಂಬತ್ತು ಅಂತ ಬರದಿದ್ಲು." ಇದನ್ನು ಕನ್ನಡದಿಂದ ಕನ್ನಡಕ್ಕೆ ತರುವಾಗ ನನ್ನ ಮುಖ ಬಿಸಿಯಾಯಿತು. ಅಪ್ಪ ಅದನ್ನು ನೋಡಿಯೂ ನಿಲ್ಲಿಸಲಿಲ್ಲ. "ಮರುದಿನ ಸದ್ದು ಮಾಡಿದ್ರ ತಮ್ಮವರ್ಗೇ ನೇಣು ಅಂತ ಅಲ್ಲಿದ್ದವರಿಗೆ ಗೊತ್ತಿತ್ತೋ ಇಲ್ಲೋ? ಗೊತ್ತಿತ್ತು. ಆದ್ರೂ ಒಬ್ಬಾಂವ ಬಂದಾನ. ಸಿಡೀದ ಮದ್ದಿನ ಪಕ್ಕ ಹೊಟ್ಟಿ ಮ್ಯಾಲ ಮಲಗಿ ಇನ್ನೊಂದು ಇಟ್ಟಾನ. ಆ ಕೆಲಸ ನಾ ಹದಿನಾರು ಸಲ ಮಾಡೀನಿ. ಕೈ ನಡಗತಾವ್ರಿ. ಆ ರಸ್ತೆ ಮ್ಯಾಲ ಮಂದಿ ನಡೀತಾರ ಅಂತ ಮಾಡ್ಯಾನ. ಇದು ಗುಂಪಿನ ಮಂದಿ ಮಾಡೋ ಕೆಲಸ ಅಲ್ರಿ. ಲೆಕ್ಕ ಇಡೋ ಮಂದಿ ಮಾಡೋದು. ದಾರ ಇಸಗೊಳ್ಳಾಕ ಇನ್ನೊಂದು ಕೈ ಇದ್ದಲ್ಲೇ ಲೆಕ್ಕ ಇರ್ತೈತಿ."

ಸೋರಿನ್ ಎದ್ದರು. "ತಮ್ಮ ಅನುಭವಕ್ಕೆ ಗೌರವ. ಒಂದೇ ಪ್ರಶ್ನೆ. ಬಂದವನು ಮೇಲಿನವರ ಆಜ್ಞೆಯಿಂದ ಬಂದನೋ, ಅಥವಾ ಸೋಮವಾರ ಹಚ್ಚಿದವನೇ ಮನಸ್ಸು ತಾಳದೆ ಆಜ್ಞೆ ಮೀರಿ ತಾನೇ ಬಂದನೋ? ತಾನೇ ಬಂದಿದ್ದರೆ ಅವನು ಒಳ್ಳೆಯ ಮನುಷ್ಯ, ಅಷ್ಟೇ. ಅಲ್ಲಿ ಆಡಳಿತ ಇದೆ ಎಂದು ಅದರಿಂದ ಹೇಳಲಾಗದು. ಇಲ್ಲ ಎಂದೇ ಹೇಳಬೇಕಾಗುತ್ತದೆ."

ಅಪ್ಪ ಕೈಯಲ್ಲಿನ ದಾರವನ್ನು ನೋಡಿಕೊಂಡ. ಸುಳ್ಳು ಹೇಳಬಹುದಿತ್ತು. ಅರವತ್ಮೂರು ಜನರ ಸಲುವಾಗಿ ಹೇಳಲಿ ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ. ಕಾನೂನು ಓದಿದವಳು ಹಾಗೆ ಬೇಡಬಾರದು.

"ಹಚ್ಚಿದವನ ಬಂದನೋ, ದಾರ ಇಸಗೊಂಡವ ಬಂದನೋ, ಅದು ನನಗ ಗೊತ್ತಿಲ್ರಿ," ಎಂದ ಅಪ್ಪ. "ಸದ್ದಿನಾಗ ಅದು ಕೇಳಂಗಿಲ್ಲ."

ಎಂಟು ದಿನ ಬಿಟ್ಟು ತೀರ್ಪು ಬಂತು. ಮೂವರಲ್ಲಿ ಇಬ್ಬರ ತೀರ್ಪು. ಮಂಗಳವಾರದ್ದು ಹೊಸ ಸದ್ದಲ್ಲ, ತಿಳಿಸಿದ್ದ ಒಂಬತ್ತರಲ್ಲಿ ತಡವಾಗಿ ಬಂದ ಒಂಬತ್ತನೆಯದು. ತಡ ಮಾಡಿದ್ದು ಲೋಪ, ಮೌನ ಮುರಿದದ್ದಲ್ಲ. ಉಪ್ಪುದಾರಿ ಪಡೆ ಇನ್ನು ಮುಂದೆ ಪಕ್ಷ. ಅರವತ್ಮೂರು ಜನರಿಗೆ ಹೋರಾಡಿದ ಕಾರಣಕ್ಕೆ ನೇಣಿಲ್ಲ. ಅದೇ ತೀರ್ಪಿನ ಕೊನೆಯ ಪುಟದಲ್ಲಿ, ಊರವರ ರಸ್ತೆಯಲ್ಲಿ ಆ ಒಂಬತ್ತು ಬಾಂಬುಗಳನ್ನು ಮೊದಲು ಹೂತದ್ದಕ್ಕೆ ಪಡೆಯ ಮುಖ್ಯಸ್ಥ ಓರ್ಸೆ ಎಂಬವನ ಮೇಲೆ ಮೊಕದ್ದಮೆ ಹೂಡಲು ಆದೇಶವಿತ್ತು. ಪಕ್ಷವಾದ ಮೇಲೆ ಹೊಣೆಯೂ ಬಂತು. ನನಗೆ ಆ ಪುಟವೂ ಮೊದಲಿನಷ್ಟೇ ಹಿಡಿಸಿತು. ಮೂರನೆಯ ನ್ಯಾಯಾಧೀಶರು ಮಾತ್ರ ಒಪ್ಪದೆ ಸೋರಿನ್ ಕೇಳಿದ ಪ್ರಶ್ನೆಯನ್ನೇ ಬರೆದಿದ್ದರು. ಅದಕ್ಕೆ ಉಳಿದಿಬ್ಬರು ಎಲ್ಲಿಯೂ ಉತ್ತರ ಕೊಟ್ಟಿಲ್ಲ. ನಾನು ಆ ತೀರ್ಪನ್ನು ನಾಲ್ಕು ಸಲ ಓದಿದ್ದೇನೆ.

ತೀರ್ಪು ಬಂದ ದಿನ ಅಪ್ಪ ಕಲ್ಲುಗಿವಿಯಿಂದ ಮನೆಗೆ ನಡೆದೇ ಹೊರಟ. ಗಣಿ ಕಾರ್ಮಿಕರ ಹಳೆಯ ಲೈನುಮನೆಗಳ ಸಾಲಿನಲ್ಲಿ ಬಾಗಿಲಿಗೆ ಬಾಗಿಲಿಗೆ ಜನ ನಿಂತಿದ್ದರು. ಅಪ್ಪನ ಜೊತೆ ಕೆಳಗಿಳಿದವರು, ಇಳಿದು ಬಾರದವರ ಮನೆಯವರು. ಯಾರೂ ಏನೂ ಕೂಗಲಿಲ್ಲ. ಪಕ್ಕದ ಮನೆಯ ದುರುಗವ್ವ ಮಾತ್ರ, "ಮಾನಪ್ಪಣ್ಣ, ಇವತ್ತ ನನ್ ಕುಕ್ಕರ್ ಎಷ್ಟು ಹೊಡೀತು?" ಎಂದು ಕೇಳಿದಳು. "ಮನ್ಯಾಗ ಇರಲಿಲ್ಲವಾ, ನೀನ ಎಣಿಸು," ಎಂದ ಅಪ್ಪ. ಅವನ ಹಿಂದೆ ನಡೆಯುತ್ತಿದ್ದ ನನಗೆ ಆ ಬೀದಿ ಅಷ್ಟು ಉದ್ದವಾಗಿ ಹಿಂದೆಂದೂ ಕಂಡಿರಲಿಲ್ಲ, ಬೇಗ ಮುಗಿಯಲಿ ಎಂದೂ ಅನಿಸಲಿಲ್ಲ. ನಮ್ಮ ನೆಲದಿಂದ ತೆಗೆದ ಚಿನ್ನವೆಲ್ಲ ಎಲ್ಲೆಲ್ಲಿಗೋ ಹೋಯಿತು. ನಮ್ಮವರು ಅದನ್ನು ತೆಗೆದ ಪದ್ಧತಿ ಇಲ್ಲೇ ಉಳಿದಿತ್ತು, ಅದು ಅರವತ್ಮೂರು ಜನರ ಕೊರಳು ಉಳಿಸಿತ್ತು.

ಈಗ ಹನ್ನೆರಡೂ ಕಿವಿಗಳಲ್ಲಿ ನಾಲ್ಕನೆಯ ಸಂಕೇತ ಇಲ್ಲ. ಅದರ ಬದಲು 'ಗಂಟು' ಎಂದು ಬರೆಯಬೇಕು; ಬೇರೆ ದೇಶದವರು ಅದನ್ನು 'ಗಂತು' ಎನ್ನುತ್ತಾರೆ. ಇನ್ನೂರ ಹನ್ನೊಂದು ಹಳೆಯ ದಾಖಲೆಗಳನ್ನು ಮತ್ತೆ ಜಗ್ಗಿ ನೋಡಿದೆವು. ಮೂವತ್ತೆಂಟು ಕಡೆ ಮದ್ದು ಸಿಡಿಯದೆ ಉಳಿದಿತ್ತು. ಅವುಗಳಲ್ಲಿ ಮೂವತ್ತೊಂದನ್ನು ಹುಡುಕಿ ತೆಗೆದಿದ್ದಾರೆ.

ದಾಲಿಯಾ ತೇಮ್ ಬಿಡುಗಡೆಯಾದಳು ಎಂದು ಕಾಗದ ಬಂತು. ಎಲ್ಲಿದ್ದಾಳೋ ತಿಳಿದಿಲ್ಲ.

ಸಲ್ಮಾ ಸೇತುವೆಯ ರಸ್ತೆಗೆ ಹೋದ ತಪಾಸಣೆಯವರು ಅಲ್ಲಿ ಒಂಬತ್ತು ಗುಂಡಿಗಳನ್ನು ಅಳೆದರು. ಒಂಬತ್ತನೆಯದರ ಹತ್ತಿರ ನೆಟ್ಟ ಒಂದು ಕೋಲಿತ್ತು, ಅದಕ್ಕೊಂದು ಬಟ್ಟೆ ಕಟ್ಟಿತ್ತು. ನಾನೇ ಆಜ್ಞೆ ಕೊಟ್ಟೆ ಎಂದು ಓರ್ಸೆ ಕಟಕಟೆಯಲ್ಲಿ ಹೇಳಿದ. ಆದರೆ ಹಾಗೆ ಹೇಳಿದರೆ ಅವನಿಗೇ ಲಾಭ. ಬರವಣಿಗೆಯಲ್ಲಿ ಆಜ್ಞೆ ಸಿಗಲಿಲ್ಲ. ಆ ಕೆಲಸ ಮಾಡಿದವನು ನಾನು ಎಂದು ಯಾರೂ ಮುಂದೆ ಬರಲಿಲ್ಲ. ಅವನು ಉಳಿದನೋ ಇಲ್ಲವೋ, ಗಂಡಸೋ ಹೆಂಗಸೋ, ಅದೂ ಗೊತ್ತಾಗಿಲ್ಲ. ಅಪ್ಪನ ದಾರ ನನ್ನ ಮೇಜಿನ ಮೇಲಿದೆ, ಒಂದು ಗಂಟು ಹಾಗೇ ಇದೆ. ಯಾರಾದರೂ ಕಳಿಸಿದ್ದಕ್ಕೆ ಆತ ಬಂದನೋ, ಯಾರೂ ಕಳಿಸದೆ ಬಂದನೋ ನಮ್ಮ ಹರಳಿಗೆ ಕೇಳಿಸಲಿಲ್ಲ. ನನಗೂ ಗೊತ್ತಿಲ್ಲ.